ಚಿತ್ರದ ಬೆನ್ನಿಗೆ ಬರೆಯದ ಹೆಸರು



ವಿಜಯಪುರಕ್ಕೆ ಕ್ಯಾಮೆರಾ ಬಂದದ್ದು ರೈಲಿಗಿಂತ ಮೊದಲು. ಕಲಾದಗಿಯಲ್ಲಿದ್ದ ಜಿಲ್ಲಾ ಕಚೇರಿ 1885ರಲ್ಲಿ ಈ ಊರಿಗೆ ವರ್ಗವಾಗುವುದಕ್ಕೂ ಮೂವತ್ತು ವರ್ಷ ಮೊದಲೇ ಇಲ್ಲಿಯ ಗುಮ್ಮಟ, ಮಸೀದಿ, ಮಹಲುಗಳು ಕಾಗದದ ಮೇಲೆ ಮೂಡಿದ್ದವು. 1855ರಲ್ಲಿ ಕಂಪನಿ ಸರ್ಕಾರ ಮುಂಬೈ ತೋಪುಖಾನೆಯ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನು ಪ್ರಾಂತದ ಹಳೆಯ ಕಟ್ಟಡಗಳ ಛಾಯಾಚಿತ್ರ ತೆಗೆಯುವ ಕೆಲಸಕ್ಕೆ ನೇಮಿಸಿತು. ಆತ ವಿಜಯಪುರಕ್ಕೆ ಬಂದ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಕಡೆಗೂ ಹೋದ.

ಆಗಿನ ಛಾಯಾಗ್ರಹಣವೆಂದರೆ ಇಂದಿನ ಹಾಗೆ ಬೆರಳೊತ್ತುವ ಕೆಲಸವಲ್ಲ. ಬಿಗ್ಸ್ ಬಳಸಿದ್ದು ಕ್ಯಾಲೊಟೈಪ್ ವಿಧಾನ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಹಕ್ಕುಪತ್ರ ಪಡೆದ ವಿಧಾನವದು. ಒಳ್ಳೆಯ ಕಾಗದಕ್ಕೆ ಬೆಳ್ಳಿಯ ಲವಣ ಸವರಿ, ಕತ್ತಲೆಯಲ್ಲಿ ಕಾಪಾಡಿ, ಕ್ಯಾಮೆರಾದೊಳಗೆ ಇಟ್ಟು, ನಿಮಿಷಗಟ್ಟಲೆ ಬೆಳಕು ಬೀಳಿಸಬೇಕು. ಕಾಗದವೇ ನೆಗೆಟಿವ್. ಬಿಜಾಪುರದ ಬಿಸಿಲಿನಲ್ಲಿ ಕತ್ತಲೆಯ ಡೇರೆ ಹೂಡಿ, ರಸಾಯನಗಳನ್ನು ತಣ್ಣಗಿಟ್ಟುಕೊಂಡು ಈ ಕೆಲಸ ಮಾಡುವುದೆಂದರೆ ಎಷ್ಟು ಪಡಿಪಾಟಲಿರಬೇಕೆಂದು ಊಹಿಸಬಹುದು.

ಈ ವಿಧಾನದ ಒಂದು ಗುಣವನ್ನು ಮಾತ್ರ ಮರೆಯಬಾರದು. ನಿಮಿಷಗಟ್ಟಲೆ ತೆರೆದಿರುವ ಕ್ಯಾಮೆರಾದ ಮುಂದೆ ನಿಂತ ಕಲ್ಲು ಮೂಡುತ್ತದೆ, ನಡೆಯುವ ಮನುಷ್ಯ ಮೂಡುವುದಿಲ್ಲ. ಸಂತೆಗೆ ಹೊರಟ ಗಾಡಿ, ಕೊಡ ಹೊತ್ತ ಹೆಣ್ಣುಮಗಳು, ಓಡಾಡುವ ಹುಡುಗರು ಎಲ್ಲ ಕರಗಿ ಹೋಗುತ್ತಾರೆ, ಇಲ್ಲವೇ ಹೊಗೆಯ ಹಾಗೆ ಉಳಿಯುತ್ತಾರೆ. ಹಳೆಯ ಚಿತ್ರಗಳನ್ನು ನೋಡಿದವರು ಊರೆಲ್ಲ ಬಿಕೋ ಎನ್ನುತ್ತಿತ್ತೆಂದು ತಿಳಿಯುವುದುಂಟು. ಆ ಬಿಕೋತನದಲ್ಲಿ ಅರ್ಧ ಪಾಲು ರಸಾಯನದ್ದು.

1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನದಿಂದ ಬಿಜಾಪುರದ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೊಂದು ಹೊರಬಂತು. ಬಿಗ್ಸ್ ಮತ್ತು ಮೇಜರ್ ಲಾಕ್ ತೆಗೆದ ಚಿತ್ರಗಳು ಅದರಲ್ಲಿದ್ದವು. ಕಟ್ಟಡಗಳ ವಿವರಣೆ ಜೇಮ್ಸ್ ಫರ್ಗುಸನ್‌ನದು, ಇತಿಹಾಸದ ಕಥನ ಮೆಡೋಸ್ ಟೇಲರ್‌ನದು. ಸುರಪುರದ ಸಂಸ್ಥಾನವನ್ನು ವರ್ಷಗಟ್ಟಲೆ ನೋಡಿಕೊಂಡ, ಕಾದಂಬರಿಗಳನ್ನೂ ಬರೆದ ಅದೇ ಟೇಲರ್. ಚಿತ್ರವೊಬ್ಬರದು, ಕಥೆ ಇನ್ನೊಬ್ಬರದು; ಎರಡನ್ನೂ ಒಂದೇ ರಟ್ಟಿನೊಳಗೆ ಹೊಲಿದರು. ಆದಿಲಶಾಹಿ ಸುಲ್ತಾನರ ಹೆಸರು, ಗುಮ್ಮಟದ ಅಳತೆ, ಕಮಾನುಗಳ ಗುಣ ಎಲ್ಲವೂ ಅದರಲ್ಲಿ ಬಂದವು. ಮುಂದೆ ಪುರಾತತ್ವ ಇಲಾಖೆಯ ಹೆನ್ರಿ ಕಸೆನ್ಸ್ 1916ರಲ್ಲಿ ಇನ್ನೂ ವಿಸ್ತಾರವಾದ ಗ್ರಂಥ ತಂದ. ಕಲ್ಲಿನ ಮಟ್ಟಿಗೆ ಹೇಳುವುದಾದರೆ ವಿಜಯಪುರ ಭಾಗ್ಯವಂತ ಊರು.

ಮನುಷ್ಯರ ಮಟ್ಟಿಗೆ ಹಾಗೆನ್ನಲಾಗದು. ಆ ಕಾಲದ ಸರ್ವೇಕ್ಷಣೆಯ ಛಾಯಾಗ್ರಾಹಕರಲ್ಲಿ ಒಂದು ರೂಢಿಯಿತ್ತು. ಕಟ್ಟಡದ ಎತ್ತರ ತಿಳಿಯಲೆಂದು ಅದರ ಪಕ್ಕದಲ್ಲಿ ಒಬ್ಬ ಆಳನ್ನು ನಿಲ್ಲಿಸುತ್ತಿದ್ದರು. ಅವನು ಅಲುಗಾಡದೆ ನಿಂತ, ಅಳತೆಗೋಲಾದ. ಅವನ ಹೆಸರೇನು, ಯಾವ ಓಣಿ, ಯಾರ ಮಗ ಎಂದು ಚಿತ್ರದ ಕೆಳಗೆ ಬರೆಯಬೇಕೆಂದು ಯಾರಿಗೂ ತೋರಲಿಲ್ಲ. ಅವರ ಉದ್ದೇಶವೇ ಬೇರೆಯಿತ್ತು, ಅವರನ್ನು ದೂರಿ ಫಲವಿಲ್ಲ. ಆದರೆ ಅದೇ ರೂಢಿ ಇಂದಿಗೂ ನಡೆದಿದೆಯಲ್ಲ, ಅದಕ್ಕೇನು ಹೇಳುವುದು? ಛಾಯಾಚಿತ್ರ ಸ್ಪರ್ಧೆಗಳಿಗೆ ಬರುವ ಚಿತ್ರಗಳನ್ನು ನೋಡಿ: ರುಮಾಲು ಸುತ್ತಿ ಬೀಡಿ ಸೇದುವ ಮುದುಕ, ಸುಕ್ಕುಗಟ್ಟಿದ ಮುಖದ ಅಜ್ಜಿ. ಕೆಳಗೆ 'ಬದುಕು' ಎಂದೋ 'ಸಂಜೆ' ಎಂದೋ ತಲೆಬರಹ. ಅಜ್ಜಿಗೆ ಹೆಸರಿಲ್ಲ. ಅವಳೂ ಅಳತೆಗೋಲೇ, ಬಡತನವನ್ನು ಅಳೆಯುವುದಕ್ಕೆ.

ಇಲ್ಲಿಯೇ ನಿವೃತ್ತ ಶಿಕ್ಷಕರ ಮಾತು ಬರುತ್ತದೆ. ಪಿಂಚಣಿ ಬಂದ ಮೇಲೆ ಕ್ಯಾಮೆರಾ ಹಿಡಿಯುವ ಮಾಸ್ತರರನ್ನು ಕಂಡು ಮನೆಮಂದಿ ನಗುವುದುಂಟು. ಆದರೆ ಒಂದೇ ಊರಿನ ಸಾಲಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರಲ್ಲಿ ಯಾವ ಪರದೇಶಿ ಛಾಯಾಗ್ರಾಹಕನಿಗೂ ಇಲ್ಲದ ಬಂಡವಾಳವೊಂದಿದೆ. ಅವರಿಗೆ ಹೆಸರು ಗೊತ್ತು. ತಿಕೋಟಾದ ಸಂತೆಯಲ್ಲಿ ಎದುರಾದವನು ಎಷ್ಟನೇ ಇಯತ್ತೆಯಲ್ಲಿ ಸಾಲಿ ಬಿಟ್ಟ, ಏಕೆ ಬಿಟ್ಟ, ಅವನ ಅಪ್ಪ ಯಾವ ಬರಗಾಲದಲ್ಲಿ ಗುಳೆ ಹೋದ ಎಂಬುದು ಗೊತ್ತು. ಹೊರಗಿನವರಿಗೆ ಕೇವಲ ಮುಖವಾಗಿ ಕಾಣುವುದು ಮಾಸ್ತರರಿಗೆ ಕಥೆಯ ನಡುಭಾಗವಾಗಿ ಕಾಣುತ್ತದೆ.

ಚಿತ್ರದಲ್ಲಿ ಕಥೆ ಹೇಳುವುದೆಂದರೇನು? ಅಮೆರಿಕದ 'ಲೈಫ್' ಪತ್ರಿಕೆಯಲ್ಲಿ 1948ರಲ್ಲಿ ಯೂಜೀನ್ ಸ್ಮಿತ್ ಎಂಬಾತ ಹಳ್ಳಿಯ ವೈದ್ಯನೊಬ್ಬನ ಚಿತ್ರಮಾಲೆ ಪ್ರಕಟಿಸಿದ. ಅದಕ್ಕಾಗಿ ಆತ ಮೂರು ವಾರಕ್ಕೂ ಹೆಚ್ಚು ಕಾಲ ಕೊಲರಾಡೊ ಪ್ರಾಂತದ ಒಂದು ಸಣ್ಣ ಊರಿನಲ್ಲಿ ವೈದ್ಯನ ಬೆನ್ನು ಹತ್ತಿದ್ದ. ನಮ್ಮಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ ಅದೇ ಶ್ರದ್ಧೆಯಿಂದ ಸಾಮಾನ್ಯರನ್ನೂ ಮಕ್ಕಳನ್ನೂ ಹಿಡಿದಿಟ್ಟರು. ಒಂದು ಚಂದದ ಚಿತ್ರ ಕಥೆಯಾಗುವುದಿಲ್ಲ. ಹತ್ತು ಚಿತ್ರಗಳ ಸಾಲಿನಲ್ಲಿ ಮೊದಲು, ನಂತರ ಎಂಬುದು ಬಂದಾಗ ಕಥೆಯಾಗುತ್ತದೆ.

ತಿಕೋಟಾ ಭಾಗದ ಒಣದ್ರಾಕ್ಷಿಯನ್ನೇ ತೆಗೆದುಕೊಳ್ಳಿ. ಬೇಸಿಗೆಯ ಬಾಯಿಗೆ ಗೊನೆ ಕೊಯ್ಯುವುದು, ದ್ರಾವಣದಲ್ಲಿ ಅದ್ದುವುದು, ನೆರಳಿನ ಶೆಡ್ಡುಗಳಲ್ಲಿ ಜಾಲರಿಯ ಮೇಲೆ ಹರವುವುದು, ಹಸಿರು ಕಾಯಿ ದಿನದಿನಕ್ಕೆ ಬಾಡಿ ಬಂಗಾರದ ಬಣ್ಣಕ್ಕೆ ತಿರುಗುವುದು, ಹೆಣ್ಣುಮಕ್ಕಳು ಕೂತು ತೊಟ್ಟು ಬಿಡಿಸುವುದು. ಆ ನಡುವೆ ಆಕಾಶದಲ್ಲಿ ಮೋಡ ಕಂಡರೆ ಒಡೆಯನ ಮುಖ ಹೇಗಾಗುತ್ತದೆ? ಆ ಒಂದು ಚಿತ್ರವಿಲ್ಲದಿದ್ದರೆ ಉಳಿದ ಒಂಬತ್ತು ಕೃಷಿ ಇಲಾಖೆಯ ಕೈಪಿಡಿಯಾಗುತ್ತವೆ. ಮೋಡದ ದಿನ ಅಲ್ಲಿರಬೇಕಾದರೆ ಅದೇ ಊರಿನವರಾಗಿರಬೇಕು, ಬಿಡುವಿರಬೇಕು. ನಿವೃತ್ತರಿಗೆ ಎರಡೂ ಇವೆ.

ಬಬಲೇಶ್ವರದ ಕಡೆಯ ಬದಲಾವಣೆ ಇನ್ನೂ ದೊಡ್ಡದು. ಮಳೆಯನ್ನೇ ನೆಚ್ಚಿದ್ದ ಬಿಳಿಜೋಳದ ಸೀಮೆಗೆ ಏತ ನೀರಾವರಿಯ ಕೊಳವೆಗಳಲ್ಲಿ ಕೃಷ್ಣೆ ಬಂದಿದ್ದಾಳೆ, ಕೆರೆಗಳು ತುಂಬಿವೆ. ತುಂಬಿದ ಕೆರೆಯ ಚಿತ್ರ ಎಲ್ಲರ ಬಳಿ ಇದೆ. ಅದೇ ಕೆರೆ ಬಿರಿದು ಬಿದ್ದಿದ್ದ ಚಿತ್ರ ಯಾರ ಬಳಿ ಇದೆ? 1972ರ ಬರ ಕಂಡವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆಲಮಟ್ಟಿಯ ಹಿನ್ನೀರಿನಲ್ಲಿ ಕೃಷ್ಣೆಯ ದಂಡೆಯ ಎಷ್ಟೋ ಊರುಗಳು ಮುಳುಗಿದವು. ಆ ಊರುಗಳ ಸಾಲಿ ಕಟ್ಟೆಯ ಮೇಲೆ ತೆಗೆಸಿದ ಒಂದು ಗುಂಪು ಚಿತ್ರ ಯಾರದೋ ಟ್ರಂಕಿನಲ್ಲಿದ್ದರೆ ಊರು ಅಷ್ಟರಮಟ್ಟಿಗೆ ಇದೆ.

ಆದ್ದರಿಂದ ಹೊಸ ಚಿತ್ರ ತೆಗೆಯುವುದಕ್ಕಿಂತ ಹಳೆಯದನ್ನು ಓದಿಸುವುದೇ ಮಾಸ್ತರರ ಮೊದಲ ಕೆಲಸವಾಗಬೇಕು. ಗುಂಪು ಚಿತ್ರವನ್ನೂ ಆ ವರ್ಷದ ಹಾಜರಿ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು, ಹಳೆಯ ವಿದ್ಯಾರ್ಥಿಗಳನ್ನು ನಾಲ್ವರನ್ನು ಕೂಡಿಸಿ, ಮುಖಮುಖಕ್ಕೆ ಹೆಸರು ಹೊಂದಿಸುತ್ತ ಹೋದರೆ ಒಂದು ಮಧ್ಯಾಹ್ನದಲ್ಲಿ ಮುಕ್ಕಾಲು ಪಾಲು ಸಿಗುತ್ತದೆ. ಉಳಿದ ಕಾಲು ಪಾಲಿಗೆ ಜಗಳವಾಗುತ್ತದೆ. ಆ ಜಗಳದಲ್ಲಿಯೇ ಒಳ್ಳೆಯ ಕಥೆಗಳು ಹೊರಬೀಳುತ್ತವೆ, ಅವನ್ನು ಬರೆದುಕೊಳ್ಳಬೇಕು.

ಅವಸರವೂ ಇದೆ. ಬೆಳ್ಳಿಯ ಕಪ್ಪು–ಬಿಳುಪು ಚಿತ್ರ ಚೆನ್ನಾಗಿ ತೊಳೆದಿದ್ದರೆ ನೂರು ವರ್ಷವೂ ಬಾಳುತ್ತದೆ. 1970–80ರ ದಶಕದ ಬಣ್ಣದ ಚಿತ್ರಗಳು ಹಾಗಲ್ಲ. ಅವುಗಳಲ್ಲಿನ ನೀಲಿ ಛಾಯೆಯ ಬಣ್ಣ ಪೆಟ್ಟಿಗೆಯ ಕತ್ತಲಲ್ಲಿಯೂ ಅಳಿಯುತ್ತದೆ. ಅದಕ್ಕೇ ಎಷ್ಟೋ ಮದುವೆಯ ಆಲ್ಬಮ್ಮುಗಳು ಕೆಂಪಡರಿ ಕೂತಿವೆ. ಅಂಟುಹಾಳೆಯ ಆಲ್ಬಮ್ಮುಗಳಂತೂ ಚಿತ್ರವನ್ನು ಕಚ್ಚಿ ಹಿಡಿದು ಕೆಡಿಸುತ್ತವೆ. ಮೊಬೈಲಿನ ಚಿತ್ರಕ್ಕೆ ದಿನಾಂಕ ತಾನಾಗಿ ಬೀಳುತ್ತದೆ, ಹೆಸರು ಬೀಳುವುದಿಲ್ಲ. ಸಾವಿರ ಚಿತ್ರಗಳ ನಡುವೆ ಬೇಕಾದದ್ದು ಸಿಗುವುದೂ ಇಲ್ಲ.

ಯಾರ ಚಿತ್ರ ತೆಗೆದರೂ ಅವರನ್ನು ಕೇಳಿ ತೆಗೆಯಬೇಕು, ಒಂದು ಪ್ರತಿ ಅವರ ಮನೆಗೆ ಮುಟ್ಟಿಸಬೇಕು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಕುಟುಂಬವಾಗಲಿ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಎತ್ತು ಹೊಡೆದುಕೊಂಡು ಬಂದ ರೈತನಾಗಲಿ, ಪ್ರತಿ ಕೈಗೆ ಬಂದಾಗ ತಾವಾಗಿಯೇ ತಪ್ಪು ತಿದ್ದುತ್ತಾರೆ: ಈ ಎತ್ತು ಆ ವರ್ಷದ್ದಲ್ಲ, ಇವಳು ನಮ್ಮ ದೊಡ್ಡಮ್ಮ ಅಲ್ಲ, ಸಣ್ಣಮ್ಮ. ಬರೆಯುವಾಗ ಶಾಯಿ ಪೆನ್ನು ಬೇಡ; ಶಾಯಿ ಇಂಗಿ ಮುಂದಿನ ಮುಖಕ್ಕೆ ಬರುತ್ತದೆ. ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಒತ್ತದೆ, ಚಿತ್ರದ ಬೆನ್ನ ಅಂಚಿಗೆ ಎಡದಿಂದ ಬಲಕ್ಕೆ ಹೆಸರು, ಊರು, ವರ್ಷ ಬರೆದರೆ ಸಾಕು. ವರ್ಷ ನೆನಪಾಗದಿದ್ದರೆ ಯಾವ ಬರ, ಯಾವ ಚುನಾವಣೆ, ಯಾರ ಮದುವೆಯ ಮುಂದೆ ಹಿಂದೆ ಎಂದಾದರೂ ಬರೆದಿಡಬಹುದು.