ಆವರಿಕೆಯೂ ಶ್ರೀಗಂಧವೂ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಹಾದಿಬದಿಯಲ್ಲಿ, ಹೊಲದ ಬದುವಿನಲ್ಲಿ ಹೊನ್ನಿನ ಹೂ ತಳೆದು ನಿಲ್ಲುವ ಗಿಡವನ್ನು ನಾವೆಲ್ಲರೂ ಬಲ್ಲೆವು. ನಮಗೆ ಅದು ಆವರಿಕೆ, ತಂಗಡಿ. ತೆಲುಗು ನೆರೆಯವರಿಗೆ ತಂಗೇಡು. 2014ರಲ್ಲಿ ತೆಲಂಗಾಣವು ಇದನ್ನೇ ರಾಜ್ಯಪುಷ್ಪವಾಗಿ ಆರಿಸಿಕೊಂಡಿತು. ಶ್ರೀಗಂಧವಾದರೋ ಕರ್ನಾಟಕದ ರಾಜ್ಯವೃಕ್ಷ. ಗಡಿನಾಡಿನವರಾದ ನಾವು ಇವೆರಡನ್ನೂ ಜೊತೆಯಿಟ್ಟು ನೋಡುವುದು ಉಚಿತ.

ಆವರಿಕೆಯ ಹೂ ದೂರಕ್ಕೂ ಕಾಣುತ್ತದೆ. ಶ್ರೀಗಂಧದ ಹೂ ಬಲು ಚಿಕ್ಕದು. ಮೊದಲು ಮಾಸಲು ಹಳದಿ, ಬರಬರುತ್ತ ಕಡುಗೆಂಪು. ಅದಕ್ಕೆ ಕಂಪಿಲ್ಲ, ಕಂಪೆಲ್ಲ ಮರದ ಚೇಗಿನಲ್ಲಿ, ಬೇರಿನಲ್ಲಿ. ಈ ಭೇದವೇ ಎರಡರ ಅದೃಷ್ಟವನ್ನೂ ಬೇರ್ಪಡಿಸಿತು.

ಬತುಕಮ್ಮ ಹಬ್ಬಕ್ಕೆ ಹೆಣ್ಣುಮಕ್ಕಳು ಆವರಿಕೆಯ ಹೂ ಕೊಯ್ದರೂ ಗಿಡ ಉಳಿಯುತ್ತದೆ. ಚರ್ಮ ಹದಮಾಡಲು ಇದರ ತೊಗಟೆಯನ್ನು ಬಳಸಿದ್ದುಂಟು. ಆದರೂ ಒಣನೆಲದಲ್ಲಿ ತಾನಾಗಿ ಬೆಳೆಯುವ ಇದು ಅಳಿವಿನ ಅಂಚಿನ ಗಿಡವಲ್ಲ. ಶ್ರೀಗಂಧದ ಬೇರಿಗೂ ಬೆಲೆಯಿರುವುದರಿಂದ ಮರವನ್ನು ಬುಡಸಮೇತ ಅಗೆದು ತೆಗೆಯುತ್ತಾರೆ. ಮತ್ತೆ ಚಿಗುರಲು ಬೇರೇ ಉಳಿಯದು. ಕಳ್ಳಸಾಗಣೆಯ ಜೊತೆಗೆ, 1899ರಲ್ಲಿ ಕೊಡಗಿನಲ್ಲಿ ಕಾಣಿಸಿಕೊಂಡ ಸ್ಪೈಕ್ ರೋಗವೂ ಸೇರಿತು. 1998ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯಕ್ಕೀಡಾದ ಜಾತಿಗಳ ಪಟ್ಟಿಗೆ ಸೇರಿಸಿತು.

ಟಿಪ್ಪುವಿನ ಕಾಲದಿಂದಲೂ ಶ್ರೀಗಂಧ ಅರಸರ ಸೊತ್ತು. ಸ್ವಂತ ಹೊಲದ ಮರವೂ ತನ್ನದಲ್ಲವೆಂದಾಗ ರೈತ ಅದನ್ನೇಕೆ ಬೆಳೆಸಿಯಾನು? 2001ರಲ್ಲಿ ಕರ್ನಾಟಕವು ಕಾನೂನು ತಿದ್ದಿ ಭೂಮಿಯ ಒಡೆಯನಿಗೇ ಮರದ ಹಕ್ಕು ನೀಡಿತು. ಇಂದು ತೆಲಂಗಾಣದಲ್ಲಿಯೂ ಕೆಲ ರೈತರು ಗಂಧ ಬೆಳೆಸುತ್ತಿದ್ದಾರೆ. ಗಂಧದ ಬೇರು ನೆರೆಗಿಡದ ಬೇರಿನಿಂದ ಆಹಾರ ಪಡೆಯುತ್ತದೆ. ಎಳೆಯ ಗಂಧದ ಸಸಿಗೆ ಆಸರೆಯಾಗಬಲ್ಲ ಗಿಡಗಳಲ್ಲಿ ನಮ್ಮ ತೊಗರಿಯೂ ಒಂದೆಂಬುದು ನಮಗೆ ಹೆಮ್ಮೆಯ ಸಂಗತಿ.

ಕೇವಲ ಕಾನೂನಿನ ಕಾವಲಿನಿಂದ ಗಿಡ ಉಳಿಯದು. ಜನರ ಕೈಗೆ ಸೇರಿದ್ದು, ಜನರ ಹಬ್ಬಕ್ಕೆ ಸೇರಿದ್ದು ಉಳಿಯುತ್ತದೆ. ಆದರೆ ಇಂದು ಸುಲಭವಾಗಿ ಸಿಗುವ ಆವರಿಕೆಯನ್ನು ಎಂದೆಂದಿಗೂ ಸಿಗುವುದೆಂದು ಬಗೆಯಬಾರದು. ಬದುಗಳನ್ನೆಲ್ಲ ಸವರಿ, ಕುರುಚಲು ನೆಲವನ್ನೆಲ್ಲ ನಿವೇಶನಗಳಾಗಿ ಮಾಡಿದರೆ ಅದಾದರೂ ಎಲ್ಲಿ ಬೆಳೆದೀತು?

ಆದ್ದರಿಂದ ನಮ್ಮ ಬಿನ್ನಹವಿಷ್ಟೆ: ಬದು ಸವರುವಾಗ ನಾಲ್ಕು ಆವರಿಕೆ ಗಿಡಗಳನ್ನು ಬಿಡಿರಿ, ಹೂ ಕೊಯ್ಯುವಾಗ ಬೀಜಕ್ಕೆಂದು ಕೆಲವು ಗೊಂಚಲುಗಳನ್ನು ಉಳಿಸಿರಿ, ಮಕ್ಕಳ ಕೈಹಿಡಿದು ಬದುವಿಗೆ ಕರೆದೊಯ್ದು ಆವರಿಕೆ, ತಂಗಡಿ ಎಂಬ ಹೆಸರುಗಳನ್ನು ಕಲಿಸಿರಿ. ಬಾಯಲ್ಲಿ ಹೆಸರುಳಿದರೆ ನೆಲದಲ್ಲಿ ಗಿಡವನ್ನು ಉಳಿಸುವ ಮನಸ್ಸೂ ಉಳಿಯುತ್ತದೆ.