ಮೊದಲು ಬೀಳೋದು ಕಲೀರಿ, ಸ್ಕೇಟ್‌ಬೋರ್ಡ್ ಆಮೇಲೆ

ಇವತ್ತು ಸ್ಕೇಟ್‌ಬೋರ್ಡ್ ವಿಷಯ. ಅದಕ್ಕಿಂತ ಹೆಚ್ಚಾಗಿ, ಬೀಳೋ ವಿಷಯ.

ನಾನು ಬೋರ್ಡ್ ಮೇಲೆ ಮೊದಲ ಸಲ ಕಾಲಿಟ್ಟಾಗ ನನಗೆ 26 ವರ್ಷ. ಎರಡನೇ ದಿನವೇ ಬಿದ್ದೆ. ದೊಡ್ಡ ಸಾಹಸ ಏನೂ ಮಾಡಿರಲಿಲ್ಲ. ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಮೆಲ್ಲಗೆ ಹೋಗ್ತಿದ್ದೆ, ಚಕ್ರಕ್ಕೆ ಕಡಲೆಕಾಳಿನಷ್ಟು ಒಂದು ಕಲ್ಲು ಸಿಕ್ತು. ಬೋರ್ಡ್ ನಿಂತುಬಿಡ್ತು, ನಾನು ನಿಲ್ಲಲಿಲ್ಲ. ನೆಲಕ್ಕೆ ಕೈ ಊರಿದೆ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು, ಆರು ವಾರ ಪ್ಲಾಸ್ಟರ್. "ಈ ವಯಸ್ಸಲ್ಲಿ ಇದು ಬೇಕಿತ್ತಾ?" ಅಂತ ಅಮ್ಮ. ನಿಜ ಹೇಳ್ಬೇಕಂದ್ರೆ, ನೋವಿಗಿಂತ ನಾಚಿಕೆಯೇ ಜಾಸ್ತಿ ಇತ್ತು. ಬೋರ್ಡನ್ನ ಮಾರಿಬಿಡೋಣ ಅಂತ ಫೋಟೊ ಕೂಡ ತೆಗೆದಿದ್ದೆ.

ಆಗ ಹೊಳೀತು. ಓಡಿಸೋದು ಹೇಗೆ ಅಂತ ನೂರು ವಿಡಿಯೋ ನೋಡಿದ್ದೆ. ಬೀಳೋದು ಹೇಗೆ ಅಂತ ಒಂದನ್ನೂ ನೋಡಿರಲಿಲ್ಲ.

ಹಾಗಾಗಿ ಎರಡನೇ ಸಲ ಶುರು ಮಾಡಿದ್ದು ಹುಲ್ಲಿನ ಮೇಲೆ, ಬೋರ್ಡೇ ಇಲ್ಲದೆ. ಬೀಳ್ತೀನಿ ಅನ್ನಿಸಿದ ತಕ್ಷಣ ಮಂಡಿ ಬಗ್ಗಿಸಿ ಕುಗ್ಗಬೇಕು. ಕೆಳಗಿದ್ದಷ್ಟೂ ಪೆಟ್ಟು ಕಡಿಮೆ. ಕೈಯನ್ನ ಕೋಲಿನ ಥರ ನೇರ ಚಾಚಬಾರದು; ಮೈಭಾರವೆಲ್ಲ ಮಣಿಕಟ್ಟಿಗೆ ಬೀಳುತ್ತೆ. ಕೈ ಮಡಚಿ, ಭುಜದ ಮೇಲೆ ಉರುಳಬೇಕು. ಹಿಂದಕ್ಕೆ ಬೀಳೋದಾದ್ರೆ ಗದ್ದ ಎದೆಗೆ ಒತ್ತಿರಲಿ. ಹೆಲ್ಮೆಟ್, ರಿಸ್ಟ್ ಗಾರ್ಡ್ ಇಲ್ಲದೆ ಬೋರ್ಡ್ ಹತ್ತಲೇಬೇಡಿ.

ಇನ್ನು ಬೋರ್ಡ್. ಎಡಗಾಲು ಮುಂದಿದ್ರೆ 'ರೆಗ್ಯುಲರ್', ಬಲಗಾಲು ಮುಂದಿದ್ರೆ 'ಗೂಫಿ'. ಎರಡೂ ಸರಿ, ನಿಮಗೆ ಯಾವುದು ಸಲೀಸೋ ಅದು. ಮೊದಲು ಹುಲ್ಲಿನ ಮೇಲೆ ಬೋರ್ಡ್ ಇಟ್ಟು ನಿಂತು ನೋಡಿ, ಅಲ್ಲಿ ಚಕ್ರ ಅಷ್ಟಾಗಿ ಉರುಳಲ್ಲ. ಆಮೇಲೆ ಸಮತಟ್ಟಾದ ಸಿಮೆಂಟ್ ನೆಲ, ಅದೂ ಗುಡಿಸಿದ್ದು. ತಳ್ಳುವಾಗ ಭಾರ ಮುಂದಿನ ಕಾಲಿನ ಮೇಲಿರಲಿ. ಭಯಕ್ಕೆ ಹಿಂದೆ ವಾಲಿದ್ರೆ ಬೋರ್ಡ್ ಮುಂದಕ್ಕೆ ಹಾರುತ್ತೆ, ನೀವು ಹಿಂದಕ್ಕೆ. ಕಣ್ಣು ಪಾದದ ಮೇಲಲ್ಲ, ಹೋಗೋ ದಾರಿ ಮೇಲೆ. ನಿಲ್ಲಿಸೋಕೆ ಹಿಂದಿನ ಪಾದವನ್ನ ನೆಲಕ್ಕೆ ಮೆಲ್ಲಗೆ ಉಜ್ಜಿ. ನಮ್ಮ ಒರಟು ರಸ್ತೆಗಳಿಗೆ 78ಎ ಥರದ ಮೆತ್ತನೆ ಚಕ್ರ ಒಳ್ಳೇದು. 99ಎ ಗಟ್ಟಿ ಚಕ್ರ ನುಣುಪಾದ ಸ್ಕೇಟ್‌ಪಾರ್ಕಿಗೆ.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಸಲ ಸೇರ್ತು. ಮಹಿಳೆಯರ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗ 13 ವರ್ಷ. ಅಲ್ಲಿನ ಲೆಕ್ಕ ಕೇಳಿ: ಒಟ್ಟು ಏಳು ಪ್ರಯತ್ನ, ಅದರಲ್ಲಿ ಅತ್ಯುತ್ತಮ ನಾಲ್ಕರ ಅಂಕ ಮಾತ್ರ ಎಣಿಕೆ. ಅಂದ್ರೆ ಮೂರು ಸಲ ಎಡವೋಕೆ ಒಲಿಂಪಿಕ್ಸೇ ಜಾಗ ಬಿಟ್ಟಿತ್ತು! ಪಾರ್ಕಿಂಗ್‌ನಲ್ಲಿ ಬಿದ್ದಿದ್ದಕ್ಕೆ ನಾನ್ಯಾಕೆ ನಾಚಬೇಕು?

ಈಗಲೂ ನನಗೆ ದೊಡ್ಡ ಟ್ರಿಕ್ ಏನೂ ಬರಲ್ಲ. ನೇರ ಹೋಗ್ತೀನಿ, ತಿರುಗ್ತೀನಿ, ನಿಲ್ತೀನಿ. ಬೀಳ್ತೀನಿ ಕೂಡ, ಆದ್ರೆ ಬಿದ್ದ ಮೇಲೆ ಬಟ್ಟೆ ಕೊಡವಿಕೊಂಡು ಏಳ್ತೀನಿ. ಮೊನ್ನೆ ಬೋರ್ಡ್ ಎತ್ತಿಕೊಂಡು ಹೊರಟಾಗ ಬಾಲ್ಕನಿಯಿಂದ ಅಮ್ಮನ ಕೂಗು. ಬೈತಾರೆ ಅಂದ್ಕೊಂಡೆ. "ಕೈಗೆ ಆ ಪಟ್ಟಿ ಕಟ್ಕೊಂಡ್ಯೇನೋ?" ಅಂದ್ರು.

ನೀವೂ ಕಟ್ಕೊಳ್ಳಿ. ಮುಂದಿನ ವಾರ ಸಿಗೋಣ.