ಕಾರಿನ ಏಣಿಗೆ ಕೈಯೇ ಲೇಸು

ಹೊಳವನಹಳ್ಳಿಯಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಬಂದಾಗ ನನ್ನ ಕಾರಿಗೆ ಧೂಳು ಕವಿದಿತ್ತು. ಒಣಬಟ್ಟೆಯಲ್ಲಿ ಒರೆಸಿದೆ, ಮೈತುಂಬ ಗೀರು. ಗೀರು ತೆಗೆಯಲೆಂದು ಪಾಲಿಷ್ ಯಂತ್ರ ಹಿಡಿದೆ. ಬಾನೆಟ್ಟಿನ ಏಣಿನಲ್ಲಿ ಬಣ್ಣವೇ ಹಾರಿ, ಕೆಳಗಿನ ಪ್ರೈಮರು ಇಣುಕಿತು!

ಹೀಗೇಕಾಯಿತು ಬಲ್ಲಿರಾ? ಇಂದಿನ ಕಾರುಗಳ ಬಣ್ಣದ ಮೇಲೆ ವಾರ್ನಿಷಿನಂಥ ಪಾರದರ್ಶಕ ಲೇಪವೊಂದಿರುತ್ತದೆ. ಸಾಮಾನ್ಯವಾಗಿ 40–50 ಮೈಕ್ರಾನು, ತಲೆಗೂದಲಿಗಿಂತಲೂ ತೆಳು. ಹಸಿ ಬಣ್ಣ ಚೂಪಾದ ಏಣಿನಿಂದ ಎರಡು ಬದಿಗೂ ಸರಿಯುವುದರಿಂದ ಅಲ್ಲಿ ಅದು ಇನ್ನೂ ತೆಳು. ಸಮತಟ್ಟಿನಲ್ಲಿ ಹಂಚಿಹೋಗುವ ಯಂತ್ರದ ಭಾರ ಏಣಿನಲ್ಲಿ ಒಂದೇ ಗೆರೆಯ ಮೇಲೆ ಬೀಳುತ್ತದೆ, ಬಿಸಿಯೂ ಏರುತ್ತದೆ.

ಆದುದರಿಂದ ಮೊದಲು ಧಾರಾಳವಾಗಿ ನೀರು ಹೊಯ್ದು ತೊಳೆಯಿರಿ. ಒಣಗಿದ ಮೇಲೆ, ನೆರಳಿನಲ್ಲಿ, ಅಂಚುಗಳಿಗೂ ಏಣುಗಳಿಗೂ ಮಾಸ್ಕಿಂಗ್ ಟೇಪು ಅಂಟಿಸಿ. ಯಂತ್ರವನ್ನು ನಿಧಾನಗತಿಯಲ್ಲಿ, ಚಪ್ಪಟೆಯಾಗಿ, ಒತ್ತದೆ ನಡೆಸಿ. ಸುತ್ತುವ ಪ್ಯಾಡು ಅಂಚಿನಿಂದ ಹೊರಕ್ಕೆ ಸಾಗುವಂತಿರಲಿ. ಅಂಚಿಗೆ ಎದುರಾಗಿ ಬಡಿಯದಿರಲಿ. ಟೇಪು ಕಿತ್ತ ಮೇಲೆ ಉಳಿದ ಗೆರೆಯನ್ನು ಕೈಯಿಂದಲೇ ಮೃದುವಾಗಿ ತಿಕ್ಕಿ.

ಏಣಿನ ಮೇಲೆ ಸಣ್ಣ ಗೀರೊಂದು ಉಳಿದರೆ ಉಳಿಯಲಿ. ಗೀರನ್ನು ನಾಳೆಯೂ ತೆಗೆಯಬಹುದು. ಹೋದ ಬಣ್ಣ ಎಷ್ಟು ತಿಕ್ಕಿದರೂ ಮರಳಿ ಬಾರದು.